ಪಿಯುಸಿ ಆಯ್ತು, ಮುಂದೆ ಕಾಲೇಜು ಬೇಕಾ? ಮೇಡಂ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮೇಡಂ ರಾಯಚೂರು ಜಿಲ್ಲೆಯ ಸರ್ಕಾರಿ ಪದವಿ ಕಾಲೇಜಿನಲ್ಲಿ 29 ವರ್ಷ ಕಾಮರ್ಸ್ ಕಲಿಸಿ ನಿವೃತ್ತರಾದವರು, ಅಡ್ಮಿಷನ್ ಸಮಿತಿಯಲ್ಲೂ ಇದ್ದವರು. ಇವತ್ತು ಸಂಜೆ 7ರಿಂದ 9ರವರೆಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸಿಂಧನೂರಿನ ತಂದೆ: ನಮಸ್ಕಾರ ಮೇಡಂ. ಮಗ ಪಿಯುಸಿ ಕಾಮರ್ಸ್, 61%. ಇಲ್ಲಿನ ಅಕ್ಕಿ ಗಿರಣಿಯವರು ಲೆಕ್ಕ ಬರೆಯಲು ಕರೆಯುತ್ತಿದ್ದಾರೆ, ತಿಂಗಳಿಗೆ 12 ಸಾವಿರ. ಬಿಕಾಂ ಮುಗಿಸಿ ಬಂದರೂ ಇಷ್ಟೇ ಕೊಡುತ್ತಾರಂತೆ. ಮೂರು ವರ್ಷ ಸುಮ್ನೆ ಯಾಕೆ ಕಳೆಯಬೇಕು?

ಮೇಡಂ: ನಮಸ್ಕಾರ. ಅದೇ ಗಿರಣಿಯಲ್ಲಿ ಹತ್ತು ವರ್ಷದಿಂದ ಲೆಕ್ಕ ಬರೆಯುವವರಿಗೆ ಈಗ ಎಷ್ಟು ಸಂಬಳ ಅಂತ ಕೇಳಿ. ಜಿಎಸ್‌ಟಿ ರಿಟರ್ನ್ ಹಾಕುವವರು ಯಾರು, ಅವರಿಗೆ ಎಷ್ಟು ಕೊಡುತ್ತಾರೆ ಅಂತಲೂ ಕೇಳಿ. ಬಿಕಾಂ ಓದಿದವನು ಆ ಎರಡನೇ ಕುರ್ಚಿಗೆ ಹೋಗಬಹುದು. ಬೆಳಿಗ್ಗೆ ಕ್ಲಾಸ್, ಮಧ್ಯಾಹ್ನ ಗಿರಣಿ ಅಂತ ಮಾಲೀಕರ ಹತ್ತಿರ ಮಾತಾಡಿ ನೋಡಿ. ಭತ್ತದ ಸುಗ್ಗಿಯಲ್ಲಿ ಅವರಿಗೂ ಜನ ಬೇಕು. ಮಗನಿಗೆ ಏನಿಷ್ಟ ಅಂತ ಕೇಳಿದ್ದೀರಾ?

ದೇವದುರ್ಗದ ಸದಸ್ಯರು: ಡಿಗ್ರಿ ಮಾಡಿದರೆ ನೌಕರಿ ಗ್ಯಾರಂಟಿನಾ ಮೇಡಂ?

ಮೇಡಂ: ಗ್ಯಾರಂಟಿ ಇಲ್ಲ. ಆದರೆ ಡಿಗ್ರಿ ಇಲ್ಲದಿದ್ದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ ಅರ್ಜಿ ಹಾಕಲಿಕ್ಕೇ ಬರುವುದಿಲ್ಲ. ಪಿಯುಸಿ ಮೇಲೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತಾಧಿಕಾರಿ, ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗಳಿವೆ. ಯಾವ ಬಾಗಿಲು ಬೇಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ.

ಮಾನ್ವಿಯ ಸದಸ್ಯರು: ಕೃಷಿ ಡಿಪ್ಲೊಮಾ ಹೇಗೆ ಮೇಡಂ? ನಮ್ಮದು 4 ಎಕರೆ ಇದೆ.

ಲಿಂಗಸುಗೂರಿನ ಸದಸ್ಯರು: (ಫಾರ್ವರ್ಡ್) ಬಿಲ್ ಗೇಟ್ಸ್ ಕಾಲೇಜು ಬಿಟ್ಟರು. ಸಚಿನ್ ಕಾಲೇಜಿನ ಮುಖವನ್ನೇ ನೋಡಲಿಲ್ಲ. ಪುಸ್ತಕ ಬದುಕು ಕಲಿಸುವುದಿಲ್ಲ. ಹತ್ತು ಗುಂಪಿಗೆ ಕಳಿಸಿ!

ಮೇಡಂ: ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದಾರೆ. ಸಚಿನ್ 1989ರಲ್ಲಿ, 16ನೇ ವಯಸ್ಸಿಗೇ ಭಾರತ ತಂಡದಲ್ಲಿ ಆಡಿದರು. ಬಿಲ್ ಗೇಟ್ಸ್ ಬಿಟ್ಟಿದ್ದು ಹಾರ್ವರ್ಡ್, ಅದೂ ಕಂಪನಿ ಕಟ್ಟಲಿಕ್ಕೆ. ಇಬ್ಬರ ಕೈಯಲ್ಲೂ ಆಗಲೇ ಒಂದು ಕೆಲಸವಿತ್ತು. ಇಂಥ ಮೆಸೇಜ್ ನಂಬಿ ಎರಡನೇ ಸೆಮಿಸ್ಟರ್‌ಗೆ ಕಾಲೇಜು ಬಿಟ್ಟ ಹುಡುಗರನ್ನು ನಾನು ನೋಡಿದ್ದೇನೆ. ಅವರ ಕೈಯಲ್ಲಿ ಏನೂ ಇರಲಿಲ್ಲ.

ಮಸ್ಕಿ ಕಡೆಯ ಹುಡುಗ: ಮೇಡಂ, ನನಗೆ 23. ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಕೆಲಸ. ಬಿಎ ಎರಡು ವರ್ಷ ಪಾಸಾಗಿ, ಅಪ್ಪಗೆ ಹುಷಾರಿಲ್ಲದೆ ಬಿಟ್ಟೆ. ಒಬ್ಬ ಏಜೆಂಟ್ ಬೇರೆ ರಾಜ್ಯದ ಯೂನಿವರ್ಸಿಟಿ ಡಿಗ್ರಿ ಕೊಡಿಸುತ್ತೇನೆ ಅಂದಿದ್ದಾನೆ. ಪರೀಕ್ಷೆ ಇಲ್ಲ, ಹೋದ ವರ್ಷದ ತಾರೀಖು ಹಾಕಿ ಕೊಡುತ್ತಾರಂತೆ. ಒಟ್ಟು 60 ಸಾವಿರ, 20 ಕೊಟ್ಟಿದ್ದೇನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವನ ಹತ್ತಿರ ಇವೆ. ಪಿಡಿಒಗೆ ಹಾಕಬೇಕು ಅಂತ ಆಸೆ. ಇದು ನಡೆಯುತ್ತಾ?

ಮೇಡಂ: ಉಳಿದವರು ಸ್ವಲ್ಪ ಕಾಯಿರಿ. ತಮ್ಮಾ, ಇನ್ನು ಒಂದು ರೂಪಾಯಿಯನ್ನೂ ಅವನಿಗೆ ಕೊಡಬೇಡ. ಇದು ನಡೆಯುವುದಿಲ್ಲ.

ಮೊದಲು ಮಾರ್ಕ್ಸ್ ಕಾರ್ಡ್ ವಾಪಸ್ ತಗೋ. ಒಬ್ಬನೇ ಹೋಗಬೇಡ, ಹಿರಿಯರೊಬ್ಬರನ್ನು ಕರೆದುಕೊಂಡು ಹೋಗು. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಅವನ ವಾಟ್ಸಾಪ್ ಮೆಸೇಜ್, ವಾಯ್ಸ್ ನೋಟ್ ಯಾವುದನ್ನೂ ಅಳಿಸಬೇಡ. ಕೊಡದಿದ್ದರೆ ಠಾಣೆಯಲ್ಲಿ ಬರೆದು ದೂರು ಕೊಡು. ದುಡ್ಡು ಫೋನಿನಲ್ಲಿ ಹಾಕಿದ್ದರೆ 1930ಕ್ಕೂ ಫೋನ್ ಮಾಡು, ಅದು ಆನ್‌ಲೈನ್ ವಂಚನೆಯ ಸಹಾಯವಾಣಿ. ಕಾರ್ಡ್ ಸಿಗದೇ ಹೋದರೂ ಎದೆಗುಂದಬೇಡ. ನೀನು ಓದಿದ ಶಾಲೆ, ಕಾಲೇಜಿನ ಮೂಲಕ ನಕಲು ಪ್ರತಿಗೆ ಅರ್ಜಿ ಹಾಕಬಹುದು.

ಹೋದ ವರ್ಷದ ತಾರೀಖು ಅಂದರೆ ಏನು ಅಂತ ಯೋಚನೆ ಮಾಡು. ನೀನು ಬಳ್ಳಾರಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ದಿನ ಇನ್ನೊಂದು ರಾಜ್ಯದಲ್ಲಿ ಕೂತು ಪರೀಕ್ಷೆ ಬರೆದೆ ಅಂತ ಆ ಕಾಗದ ಹೇಳುತ್ತದೆ. ನಿನ್ನ ಯೂನಿಟ್‌ನ ಹಾಜರಿ ಪುಸ್ತಕ ಬೇರೆಯದೇ ಹೇಳುತ್ತದೆ. ಆಯ್ಕೆಯಾದವರ ಅಂಕಪಟ್ಟಿ ನಿಜವಾ ಅಂತ ಇಲಾಖೆಯವರು ವಿಶ್ವವಿದ್ಯಾಲಯಕ್ಕೇ ಪತ್ರ ಬರೆದು ಕೇಳುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೇ ಸಿಕ್ಕಿಬಿದ್ದ. ನೌಕರಿ ಹೋಯಿತು, ಕೇಸೂ ಆಯಿತು. ಅವನ ತಾಯಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಅವನ ಕಾಗದ ಎಲ್ಲ ತುಂಬಿಕೊಂಡು ಬಂದು ನಮ್ಮ ಕಾಲೇಜಿನ ಪಡಸಾಲೆಯಲ್ಲಿ ಕೂತಿದ್ದರು. ಒಂದೊಂದೇ ತೆಗೆದು ನನ್ನ ಮುಂದೆ ಇಟ್ಟು, ಇದರಾಗ ಯಾವುದು ಖರೇದು ಹೇಳ್ರಿ ಮೇಡಂ ಅಂದರು. ನನಗೆ ಆ ಮಧ್ಯಾಹ್ನ ಇವತ್ತಿಗೂ ಮರೆತಿಲ್ಲ. ನಿನ್ನ ಅವ್ವನಿಗೆ ಆ ದಿನ ಬರಬಾರದು.

ನೀನು ಪಾಸಾದ ಎರಡು ವರ್ಷ ಎಲ್ಲಿಗೂ ಹೋಗಿಲ್ಲ. ಆ ಅಂಕಪಟ್ಟಿ ಹಿಡಿದು ಹಳೇ ಕಾಲೇಜಿಗೆ ಹೋಗಿ ಮರುಪ್ರವೇಶ ಕೇಳು. ಕೋರ್ಸ್ ಮುಗಿಸಲು ವಿಶ್ವವಿದ್ಯಾಲಯ ಕೊಟ್ಟ ಅವಧಿ ದಾಟಿಲ್ಲದಿದ್ದರೆ ನಿನಗೆ ಉಳಿದಿರುವುದು ಒಂದೇ ವರ್ಷ. ಆಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಬಿಎ ಓದು. ಮೊದಲಿಂದ ಶುರು ಮಾಡಿದರೂ 26ಕ್ಕೆ ಮುಗಿಯುತ್ತದೆ. ಜೊತೆಗೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವನು ಅನ್ನುವ ಪ್ರಮಾಣಪತ್ರ ಮಾಡಿಸಿಕೋ, ಸಹಾಯಕ ಆಯುಕ್ತರ ಕಚೇರಿಯಲ್ಲಿ ಕೊಡುತ್ತಾರೆ. ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ 80% ನಮ್ಮವರಿಗೇ ಮೀಸಲು. ಇಷ್ಟು ದೊಡ್ಡ ಅವಕಾಶ ಇಟ್ಟುಕೊಂಡು ಸುಳ್ಳು ಕಾಗದಕ್ಕೆ ಯಾಕೆ ಕೈ ಹಾಕುತ್ತೀಯಪ್ಪಾ? ಏನಾಯಿತು ಅಂತ ರಾತ್ರಿಯೇ ನನಗೆ ತಿಳಿಸು.

ಮಸ್ಕಿ ಕಡೆಯ ಹುಡುಗ: ಆಯ್ತು ಮೇಡಂ. ಮಾವನ ಜೊತೆ ಈಗಲೇ ಹೋಗುತ್ತೇನೆ.

ಯಲಬುರ್ಗಾದ ಸದಸ್ಯರು: ಮೇಡಂ ಡಿಗ್ರಿ ಮಾಡಿದರೆ ನೌಕರಿ ಸಿಗುತ್ತಾ?

ಮೇಡಂ: ಮೇಲೆ ಬರೆದಿದ್ದೇನೆ.

ಸಿರುಗುಪ್ಪದ ತಂದೆ: ಡಿಗ್ರಿ ಆಗಿ ನೌಕರಿ ಇಲ್ಲದವರಿಗೆ ಸರ್ಕಾರದ ಯುವನಿಧಿ ತಿಂಗಳಿಗೆ 3 ಸಾವಿರ ಬರುತ್ತದೆ ಅಂತ ಮಗನಿಗೆ ಡಿಗ್ರಿ ಮಾಡಿಸಬಹುದಾ?

ಮೇಡಂ: ಅದು ಎರಡೇ ವರ್ಷ. ಅದಕ್ಕಾಗಿ ಬೇಡ.

ಶಕ್ತಿನಗರದ ಸದಸ್ಯರು: ಐಟಿಐ ಎಲೆಕ್ಟ್ರಿಷಿಯನ್ ಒಳ್ಳೆಯದಾ, ಬಿಎ ಒಳ್ಳೆಯದಾ?

ಮೇಡಂ: ಮನೆಯಲ್ಲಿ ಫ್ಯಾನ್ ಕೆಟ್ಟರೆ ಬಿಚ್ಚಿ ನೋಡುವ ಹುಡುಗನಾದರೆ ಐಟಿಐ. ಎರಡು ವರ್ಷ. ಆಮೇಲೆ ನಿಮ್ಮೂರ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅಪ್ರೆಂಟಿಸ್‌ಗೆ ಪ್ರಯತ್ನಿಸಲಿ. ಓದಬೇಕು ಅನ್ನಿಸಿದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಅದೂ ಓದೇ. ಕಡಿಮೆಯದಲ್ಲ.

ಲಿಂಗಸುಗೂರಿನ ಸದಸ್ಯರು: ಮೇಡಂ, ಬೇಜಾರಾಗಬೇಡಿ. ನಾನು ಹತ್ತನೇ ಫೇಲ್. ಇವತ್ತು ಎರಡು ಜೆಸಿಬಿ ಇವೆ. ಡಿಗ್ರಿ ಆದ ನಾಲ್ಕು ಹುಡುಗರು ನನ್ನ ಹತ್ತಿರ ದುಡಿಯುತ್ತಾರೆ. ಅದಕ್ಕೇ ಹೇಳಿದ್ದು.

ಗಂಗಾವತಿಯ ಅತಿಥಿ ಉಪನ್ಯಾಸಕರು: ಮೊದಲನೇ ಜೆಸಿಬಿಗೆ ದುಡ್ಡು ಎಲ್ಲಿಂದ ಬಂತು ಅಣ್ಣಾರೆ?

ಲಿಂಗಸುಗೂರಿನ ಸದಸ್ಯರು: ಅಪ್ಪ ಎರಡು ಎಕರೆ ಮಾರಿದರು. ಉಳಿದದ್ದು ಫೈನಾನ್ಸ್. ಅದರಲ್ಲಿ ತಪ್ಪೇನು?

ಗಂಗಾವತಿಯ ಅತಿಥಿ ಉಪನ್ಯಾಸಕರು: ತಪ್ಪಿಲ್ಲ. ನಮ್ಮಪ್ಪ ಎಡದಂಡೆ ಕಾಲುವೆ ಕೆಳಗೆ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿದವರು. ಮಾರಲಿಕ್ಕೆ ನಮಗೆ ಒಂದು ಗುಂಟೆಯೂ ಇರಲಿಲ್ಲ. ಹೊಲ ಇದ್ದವರು ಓದು ಬೇಡ ಅಂತ ಹೊಲ ಇಲ್ಲದವರಿಗೆ ಹೇಳಬಾರದು.

ಲಿಂಗಸುಗೂರಿನ ಸದಸ್ಯರು: ಎಂಎ ಓದಿ ನಿಮಗೆ ಸಿಕ್ಕಿದ್ದೇನು? ರಜೆ ಬಂದರೆ ಸಂಬಳ ಇಲ್ಲ ಅಂತ ನೀವೇ ಹೋದ ತಿಂಗಳು ಇಲ್ಲಿ ಬರೆದಿದ್ದಿರಿ.

ಗಂಗಾವತಿಯ ಅತಿಥಿ ಉಪನ್ಯಾಸಕರು: ಬರೆದಿದ್ದೆ, ನೋವಾಗಿತ್ತು. ಆದರೂ ನನ್ನ ತಂಗಿಯರಿಬ್ಬರನ್ನೂ ಓದಿಸಿದೆ. ಒಬ್ಬಳು ಈಗ ನರ್ಸ್. ಅದನ್ನು ಲೆಕ್ಕ ಹಿಡಿಯುವುದಿಲ್ಲವಾ?

ಸಿಂಧನೂರಿನ ತಂದೆ: ನಮ್ಮ ಪ್ರಶ್ನೆ ಎಲ್ಲೋ ಹೋಯಿತು. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಲಿಂಗಸುಗೂರಿನ ಸದಸ್ಯರು: ನಿಮಗೆ ಉತ್ತರ ಸಿಕ್ಕಿದೆಯಲ್ರೀ, ಸುಮ್ಮನಿರಿ.

ಅಡ್ಮಿನ್: ಮಾತು ಮರ್ಯಾದೆಯಿಂದ ಇರಲಿ.

ಕುಷ್ಟಗಿಯ ತಾಯಿ: ಅಕ್ಕಾರೆ, ಮಗಳಿಗೆ ಆರ್ಟ್ಸ್‌ನಲ್ಲಿ 86%. ಇನ್ನೂ ಹದಿನೇಳು. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲೇ ಓದಿದಳು. ಬಿಎ ಸೇರಬೇಕು ಅಂತಾಳೆ. ಮಾವನವರು ಗಂಡು ನೋಡಿದ್ದಾರೆ. ಓದಿ ಏನು ಮಾಡ್ತಾಳೆ ಅಂತಾರೆ.

ಮೇಡಂ: ಅವ್ವಾ, 18 ತುಂಬುವ ಮೊದಲು ಮದುವೆ ಅಪರಾಧ. ಇದನ್ನು ಮಾವನವರಿಗೆ ನೇರವಾಗಿ ಹೇಳಿ. ನಿಮ್ಮಿಂದ ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಗಳಿಗೂ ಆ ನಂಬರ್ ಬಾಯಿಪಾಠ ಮಾಡಿಸಿ. ಖರ್ಚಿನ ಚಿಂತೆ ಇದ್ದರೆ ಕೇಳಿ. ಬಸ್ ಹೆಣ್ಣುಮಕ್ಕಳಿಗೆ ಉಚಿತ. ಹಾಸ್ಟೆಲ್‌ಗೆ ಅರ್ಜಿ ಹಾಕಿ. ಸರ್ಕಾರಿಯಲ್ಲೇ ಓದಿದ ಹುಡುಗಿಯರಿಗೆ ದೀಪಿಕಾ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 30 ಸಾವಿರ, ಪ್ರಿನ್ಸಿಪಾಲರನ್ನು ಕೇಳಿ. 86% ಅಂದರೆ ಸಣ್ಣ ಮಾತಲ್ಲ. ದಾಖಲಾತಿಗೆ ಮಗಳ ಜೊತೆ ನೀವೇ ಹೋಗಿ.

ಲಿಂಗಸುಗೂರಿನ ಸದಸ್ಯರು: (ಫಾರ್ವರ್ಡ್) ಪಿಯುಸಿ ಫೇಲಾ? ಒಂದೇ ವರ್ಷದಲ್ಲಿ ಡಿಗ್ರಿ, ಮನೆಯಲ್ಲೇ...

ಮೇಡಂ: ಇದನ್ನು ಈಗಲೇ ಅಳಿಸಿ. ಮೇಲೆ ಆ ಹುಡುಗ ಬರೆದದ್ದನ್ನು ಓದಿಯೂ ಇದನ್ನು ಹಾಕಿದಿರಾ? ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಕಳಿಸುವ ಮೊದಲು ಅದನ್ನು ನೋಡಿ. ಫೇಲಾದವರಿಗೆ ಬೋರ್ಡ್ ಅದೇ ವರ್ಷ ಮತ್ತೆ ಬರೆಯಲು ಪರೀಕ್ಷೆ 2 ಇಟ್ಟಿದೆ. ಅದನ್ನು ಬರೆಯಲಿ.

ಲಿಂಗಸುಗೂರಿನ ಸದಸ್ಯರು: ಗೊತ್ತಿಲ್ಲದೆ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಮಸ್ಕಿ ಕಡೆಯ ಹುಡುಗ: ಮೇಡಂ, ಅವನ ಆಫೀಸಿಗೆ ಬೀಗ ಹಾಕಿದೆ. ಫೋನ್ ಎತ್ತುತ್ತಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯವರು ಮೂರು ದಿನದಿಂದ ಬಂದಿಲ್ಲ ಅಂದರು. ಇನ್ನೂ ಇಬ್ಬರು ಹುಡುಗರು ಅಲ್ಲೇ ನಿಂತಿದ್ದಾರೆ.

ಮೇಡಂ: ಅವರಿಬ್ಬರ ನಂಬರ್ ತಗೋ. ಮೂವರೂ ಸೇರಿ ಈಗಲೇ ಠಾಣೆಗೆ ಹೋಗಿ, ಬೆಳಗಿನ ತನಕ ಕಾಯಬೇಡಿ. ದೂರಿನಲ್ಲಿ ಮಾರ್ಕ್ಸ್ ಕಾರ್ಡ್‌ನ ರಿಜಿಸ್ಟರ್ ನಂಬರ್ ಬರೆಯಿರಿ, ಸ್ವೀಕೃತಿ ಕೇಳಿ ತಗೊಳ್ಳಿ. ನಾನು ನಿನಗೆ ಫೋನ್ ಮಾಡುತ್ತಿದ್ದೇನೆ, ಎತ್ತು.

ಅಡ್ಮಿನ್: ಮೇಡಂ ಫೋನಿನಲ್ಲಿದ್ದಾರೆ. ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ.

ಮಾನ್ವಿಯ ಸದಸ್ಯರು: ಕೃಷಿ ಡಿಪ್ಲೊಮಾ ಬಗ್ಗೆ ಏಳು ಗಂಟೆಗೆ ಕೇಳಿದ್ದು, ಯಾರೂ ಹೇಳಲೇ ಇಲ್ಲ.