ಓದಲು ಬರುತ್ತೆ, ಬರೆದರೆ ಸ್ಪೆಲ್ಲಿಂಗ್ ತಪ್ಪು: ಫೋನಿಕ್ಸ್ ನಿಲ್ಲಿಸಲಾ?

ಶಿವಮೊಗ್ಗದ ಅಮ್ಮ:
ಮಗಳಿಗೆ 6 ವರ್ಷ, ಮನೆಯಲ್ಲೇ ಕಲಿಸ್ತಿದ್ದೀನಿ. ಕನ್ನಡ ಕಾಗುಣಿತ ಮುಗಿದು ಒತ್ತಕ್ಷರ ನಡೀತಿದೆ. ಇಂಗ್ಲಿಷ್ ಫೋನಿಕ್ಸ್‌ನಲ್ಲಿ, ಅಂದ್ರೆ ಅಕ್ಷರಗಳ ಧ್ವನಿ ಕೂಡಿಸಿ ಓದೋ ವಿಧಾನದಲ್ಲಿ, ಚಿಕ್ಕ ಪದಗಳನ್ನ ಸಲೀಸಾಗಿ ಓದ್ತಾಳೆ, ಬರೆಯಲು ಕೂತರೆ ಬರೀ ತಪ್ಪು. ಅದಕ್ಕೆ ವಾರಕ್ಕೆ 20 ಸ್ಪೆಲ್ಲಿಂಗ್ ಬಾಯಿಪಾಠ ಶುರು ಮಾಡಿದೆ. ಶುಕ್ರವಾರ ಒಪ್ಪಿಸ್ತಾಳೆ, ಸೋಮವಾರಕ್ಕೆ ಒಂದೂ ನೆನಪಿರಲ್ಲ. ಈಗ ಓದೋ ಪುಸ್ತಕ ಕಂಡ್ರೂ ಎದ್ದು ಹೋಗ್ತಾಳೆ. ಯಾವುದನ್ನ ಬಿಡಲಿ?

ನಿವೃತ್ತ ಟೀಚರ್:
ಎರಡನ್ನೂ ಬಿಡಬೇಡಿ. ಮೊದಲು ಅವಳ ತಪ್ಪುಗಳನ್ನ ಇದ್ದ ಹಾಗೇ ಹಾಕಿ.

ಶಿವಮೊಗ್ಗದ ಅಮ್ಮ:
ಕ್ಯಾಟ್‌ಗೆ ಕೆ-ವೈ-ಎ-ಟಿ. ಡಕ್‌ಗೆ ಡಿ-ಯು-ಕೆ. ‘ಹೇಳಿದ’ ಅನ್ನೋ ಸೆಡ್‌ಗೆ ಎಸ್-ಇ-ಡಿ. ಒದ್ದೆ ಅನ್ನೋ ವೆಟ್‌ಗೆ ವಿ-ಇ-ಟಿ.

ನಿವೃತ್ತ ಟೀಚರ್:
ಅಮ್ಮಾ, ನಿಮ್ಮ ಮಗಳ ಕಿವಿ ತುಂಬಾ ಚುರುಕಾಗಿದೆ. ನಾವು ಕನ್ನಡದಲ್ಲಿ ‘ಕ್ಯಾ’ ಅಂತ ಬರೀತೀವಿ, ಅವಳಿಗೆ ಅಲ್ಲಿ ‘ಯ’ ಕೇಳಿಸಿದೆ. ವೆಟ್ ಕೂಡ ಹಾಗೇ. ನಮಗಿರೋದು ಒಂದೇ ‘ವ’. ಕನ್ನಡಿ ಮುಂದೆ ಕೂರಿಸಿ: ಡಬ್ಲ್ಯು ಧ್ವನಿಗೆ ಪೀಪಿ ಊದುವ ಹಾಗೆ ತುಟಿ ದುಂಡಗಾಗಬೇಕು, ವಿ ಧ್ವನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು.

ಡಕ್‌ಗೆ ನಿಯಮ ಇದೆ. ಚಿಕ್ಕ ಪದದಲ್ಲಿ ಹ್ರಸ್ವ ಸ್ವರ ಆದ ಕೂಡಲೇ ‘ಕ್’ ಬಂದ್ರೆ ಸಾಮಾನ್ಯವಾಗಿ ಸಿ-ಕೆ: ಬ್ಯಾಕ್, ನೆಕ್, ಸಿಕ್, ರಾಕ್ (ಕನ್ನಡದಲ್ಲಿ ಬ್ಯಾಕ್, ರಾಕ್ ದೀರ್ಘ ಹಾಕಿ ಬರೆದ್ರೂ ಇಂಗ್ಲಿಷ್‌ನಲ್ಲಿ ಅವು ಹ್ರಸ್ವವೇ). ಮಿಲ್ಕ್‌ನಲ್ಲಿ ನಡುವೆ ಎಲ್ ಇದೆ, ಅದಕ್ಕೆ ಬರೀ ಕೆ. ಬಾಯಿಪಾಠ ಬೇಕಾಗಿರೋದು ಸೆಡ್‌ಗೆ ಮಾತ್ರ, ಅದರಲ್ಲೂ ನಡುವಿನ ಎ-ಐ ಅಷ್ಟೇ. ಅಂಥ ಪದ ವಾರಕ್ಕೆ ಎರಡು ಸಾಕು.

ಓದು ಮುಂದೆ ಹೋಗಲಿ, ಸ್ಪೆಲ್ಲಿಂಗ್ ಎರಡು ಹೆಜ್ಜೆ ಹಿಂದೆ ಬರಲಿ. ಓದುವಾಗ ಅಕ್ಷರ ಕಣ್ಣೆದುರೇ ಇರುತ್ತೆ, ಬರೆಯುವಾಗ ಧ್ವನಿ ಬಿಡಿಸಿ ಅಕ್ಷರ ತಾನೇ ಹುಡುಕಬೇಕು. 26 ಅಕ್ಷರದಲ್ಲಿ ಸುಮಾರು 44 ಧ್ವನಿ ಹಿಡಿಯೋ ಭಾಷೆ ಅದು, ಮಗುವಿಗೆ ಕಷ್ಟವೇ. ದಿನಾ 10 ನಿಮಿಷ ಓದು, ಆಮೇಲೆ 5 ನಿಮಿಷ ಉಕ್ತಲೇಖನ, ಅದೂ ಚೆನ್ನಾಗಿ ಓದಲು ಬಂದ ಪದಗಳಿಂದಲೇ.

ಹುಣಸೆ ಬೀಜ ತಗೊಳ್ಳಿ. ಪದ ಹೇಳ್ತಾ ಒಂದೊಂದು ಧ್ವನಿಗೆ ಒಂದೊಂದು ಬೀಜ ಮುಂದೆ ತಳ್ಳಲಿ, ಆಮೇಲೆ ಪ್ರತಿ ಬೀಜದ ಕೆಳಗೆ ಬರೀಲಿ. ಶಿಪ್‌ಗೆ ಅಕ್ಷರ ನಾಲ್ಕಾದ್ರೂ ಬೀಜ ಮೂರೇ. ನೀವು ‘ಕ’, ‘ಟ’ ಅನ್ನಬೇಡಿ. ‘ಕ್’, ‘ಟ್’ ಅಂತ ಅರ್ಧಾಕ್ಷರವಾಗೇ ಹೇಳಿ, ಇಲ್ಲಾಂದ್ರೆ ಇಲ್ಲದ ‘ಅ’ ಸೇರಿಕೊಳ್ಳುತ್ತೆ.

ಧಾರವಾಡದ ಅಪ್ಪ:
ಟೀಚರ್ ಹೇಳಿದ್ದು ಖರೇ ಅದ ರೀ. ನಮ್ಮ ಹುಡುಗ ತಾನಽ ಕಥಿ ಬರದಾಗ ನಾ ಕೆಂಪು ಪೆನ್ ಹಿಡದು ತಿದ್ದತಿದ್ದೆ. ಬರಿಯೂದಽ ಬಿಟ್ಟಬಿಟ್ಟ. ಈಗ ಉಕ್ತಲೇಖನದಾಗ ಅಷ್ಟಽ ತಿದ್ದತೀನಿ, ಕಥಿ ಮುಟ್ಟೂದಿಲ್ಲ. ನೀವೂ ಹಂಗಽ ಮಾಡ್ರಿ.

ಶಿವಮೊಗ್ಗದ ಅಮ್ಮ (ಮೂರು ವಾರದ ನಂತರ):
20ರ ಪಟ್ಟಿ ಕಿತ್ತುಹಾಕಿದೆ. ನಿನ್ನೆ ನಮ್ಮ ಬೆಕ್ಕಿನ ಚಿತ್ರ ಬರೆದು, ಕೆಳಗೆ ‘ಬ್ಲ್ಯಾಕ್ ಕ್ಯಾಟ್’ ಅಂತ ಇಂಗ್ಲಿಷ್‌ನಲ್ಲಿ ತಾನೇ ಬರೆದಳು. ಕೊನೇಲಿ ಸಿ-ಕೆ ಇತ್ತು, ಆ ಪದ ನಾನು ಹೇಳಿಕೊಟ್ಟೇ ಇರಲಿಲ್ಲ! ಪುಸ್ತಕವನ್ನೂ ತಾನಾಗೇ ತರ್ತಾಳೆ. ಒದ್ದೆ ವೆಟ್ ಮಾತ್ರ ಇನ್ನೂ ವಿ. ಕನ್ನಡಿ ಅಡುಗೆಮನೆ ಕಟ್ಟೆ ಮೇಲೇ ಇಟ್ಟಿದ್ದೀನಿ.