ಅಮೆರಿಕದ ಮಾಜಿ ಸೈನಿಕರ ಕೆಲಸ-ತರಬೇತಿ: ‘ಶಿಶಿಕ್ಷು’, ‘ಶಿಷ್ಯವೇತನ’ ಪದಗಳು ಸರಿಹೋಗುತ್ತವೆಯೇ?

ಪ್ರಶ್ನೆ:

ಅಮೆರಿಕದಲ್ಲಿ ಸೇನೆಯಿಂದ ಹೊರಬಂದವರು ಜಿಐ ಬಿಲ್ (ಮಾಜಿ ಸೈನಿಕರ ಶಿಕ್ಷಣ ನೆರವಿನ ಕಾನೂನು) ಸವಲತ್ತನ್ನು ಕಾಲೇಜಿಗಷ್ಟೇ ಅಲ್ಲ, ಎಲೆಕ್ಟ್ರಿಷಿಯನ್, ಪ್ಲಂಬರ್, ಅಗ್ನಿಶಾಮಕದಂಥ ಕೆಲಸಕ್ಕೆ ಸೇರಿ ಕಲಿಯುವುದಕ್ಕೂ ಬಳಸಬಹುದು. ಅಲ್ಲಿನ ಕನ್ನಡ ಕುಟುಂಬಗಳಿಗಾಗಿ ಇದರ ಬಗ್ಗೆ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನ ವಾಕ್ಯ ಹೀಗಿದೆ (ವಿಎ ಎಂದರೆ ಅಲ್ಲಿನ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ): ‘ಮಾಜಿ ಸೈನಿಕ ಶಿಶಿಕ್ಷುಗಳಿಗೆ ವಿಎ ಪ್ರತಿ ತಿಂಗಳು ಶಿಷ್ಯವೇತನ ನೀಡುತ್ತದೆ. ಉದ್ಯೋಗದ ಮೇಲಿನ ತರಬೇತಿಗೂ ಇದು ಅನ್ವಯಿಸುತ್ತದೆ.’ ಶಿಶಿಕ್ಷು (ಅಪ್ರೆಂಟಿಸ್), ಶಿಷ್ಯವೇತನ (ಸ್ಟೈಪೆಂಡ್) ಎರಡೂ ನಮ್ಮ ಐಟಿಐ ಮತ್ತು ಸಾರಿಗೆ ನಿಗಮದ ಪ್ರಕಟಣೆಗಳಲ್ಲಿ ಕಾಣುವ ಪದಗಳೇ. ಇಲ್ಲಿಗೂ ಸರಿಹೋಗುತ್ತವೆಯೇ? ‘ಜರ್ನಿಮನ್’ ಎಂಬುದಕ್ಕೆ ‘ಮೇಸ್ತ್ರಿ’ ಎನ್ನಬಹುದೇ?

ಉತ್ತರ 1:

ಮೊದಲು ತೆಗೆಯಬೇಕಾದ್ದು ‘ಶಿಷ್ಯವೇತನ’. ಓದುವವರಿಗೆ ಹಣದ ವಿಷಯದಲ್ಲೇ ತಪ್ಪು ತಿಳಿವಳಿಕೆ ಕೊಡುವ ಪದ ಅದು.

ನಮ್ಮ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆದವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಅವನಿಗೆ ಸಿಗುವುದೆಲ್ಲ ಶಿಷ್ಯವೇತನವೇ. ಅಮೆರಿಕದಲ್ಲಿ ನೋಂದಾಯಿತ ಅಪ್ರೆಂಟಿಸ್ ಮೊದಲ ದಿನದಿಂದಲೇ ನೌಕರ. ಅವನಿಗೆ ಕಂಪನಿ ಕೊಡುವುದು ಸಂಬಳ. ವಿಎ ಕೊಡುವುದು ಅದರ ಮೇಲೆ, ಬೇರೆಯಾಗಿ. ಕರಡಿನ ವಾಕ್ಯ ಓದಿದವರು ‘ತರಬೇತಿ ಮುಗಿಯುವವರೆಗೆ ಸರ್ಕಾರದ ಹಣದಲ್ಲೇ ಮನೆ ನಡೆಸಬೇಕು’ ಎಂದುಕೊಂಡು ಹಿಂದೆ ಸರಿಯಬಹುದು. ಹಾಗಾಗಿ ಕೈಪಿಡಿಯುದ್ದಕ್ಕೂ ಮೂರು ಪದ ಬೇರೆಬೇರೆಯಾಗಿಯೇ ಇರಲಿ: ಕಂಪನಿಯದು ‘ಸಂಬಳ’, ವಿಎಯದು ‘ವಸತಿ ಭತ್ಯೆ’, ತಿಂಗಳಿಗೆ ಗರಿಷ್ಠ 83 ಡಾಲರ್‌ವರೆಗೆ ಸಿಗುವುದು ‘ಪುಸ್ತಕ-ಸಲಕರಣೆ ಹಣ’. ‘ಮನೆಬಾಡಿಗೆ ಭತ್ಯೆ’ ಬೇಡ. ಅದು ಸಂಬಳದ ಚೀಟಿಯಲ್ಲೇ ಬರುವುದೆಂದು ನಮ್ಮವರ ರೂಢಿ.

‘ಮಾಸಿಕ ವಸತಿ ಭತ್ಯೆ’ ಎಂದು ಬರೆದು ಬಿಟ್ಟರೂ ಸಾಲದು, ಏಕೆಂದರೆ ಅದು ಇಳಿಯುತ್ತ ಹೋಗುತ್ತದೆ. ಪೋಸ್ಟ್-9/11 ಜಿಐ ಬಿಲ್‌ನಲ್ಲಿ (2001ರ ಸೆಪ್ಟೆಂಬರ್ 11ರಿಂದೀಚೆಗೆ ಸೇವೆ ಸಲ್ಲಿಸಿದವರಿಗಾಗಿ ಇರುವುದು) ಮೊದಲ 6 ತಿಂಗಳು ಪೂರ್ತಿ, ಮುಂದಿನ 6 ತಿಂಗಳು ಶೇ 80, ಆಮೇಲೆ ಶೇ 60, ಶೇ 40, ಕೊನೆಗೆ ತರಬೇತಿ ಮುಗಿಯುವವರೆಗೆ ಶೇ 20. ಪೂರ್ತಿ ಭತ್ಯೆ 2,000 ಡಾಲರ್ ಎಂದಿಟ್ಟುಕೊಂಡರೆ ಏಳನೆಯ ತಿಂಗಳು ಬರುವುದು 1,600. ಸೇವಾವಧಿ ಕಡಿಮೆಯಿದ್ದು ಶೇ 60ರ ಅರ್ಹತೆಯಷ್ಟೇ ಇದ್ದವರಿಗೆ ಮೊದಲು 1,200, ಆಮೇಲೆ 960. ಅದಕ್ಕಿಂತ ಹಳೆಯದಾದ ಮಾಂಟ್‌ಗೊಮರಿ ಜಿಐ ಬಿಲ್‌ನವರಿಗೆ ಲೆಕ್ಕ ಬೇರೆ: ಶೇ 75, 55, 35. ಭತ್ಯೆ ಇಳಿಯುವುದು ಶಿಕ್ಷೆಯಲ್ಲ, ಕೆಲಸ ಕಲಿತಂತೆ ಸಂಬಳ ಏರಬೇಕೆಂಬ ಲೆಕ್ಕಾಚಾರ. ಈ ಕಾರಣವನ್ನು ಕೈಪಿಡಿಯಲ್ಲಿ ಒಂದು ಸಾಲಿನಲ್ಲಾದರೂ ಹೇಳಿ. ಇಲ್ಲದಿದ್ದರೆ ಏಳನೆಯ ತಿಂಗಳಲ್ಲಿ ಹಣ ಕಡಿತವಾಯಿತೆಂದು ಗಾಬರಿಯಾಗುತ್ತಾರೆ.

‘ಇಳಿಕೆ’ ಮತ್ತು ‘ಕಡಿತ’ ಪದಗಳನ್ನೂ ಬೇರೆ ಇಡಬೇಕು. ಮೇಲೆ ಹೇಳಿದ್ದು ಇಳಿಕೆ. ತಿಂಗಳಿಗೆ 120 ಗಂಟೆಗಿಂತ ಕಡಿಮೆ ಕೆಲಸ ಮಾಡಿದರೆ ಆಗುವುದು ಕಡಿತ: 96 ಗಂಟೆ ಮಾಡಿದರೆ ಆ ತಿಂಗಳ ಭತ್ಯೆಯಲ್ಲಿ ಐದನೆಯ ಒಂದು ಪಾಲು ಹೋಗುತ್ತದೆ.

‘ಮೇಸ್ತ್ರಿ’ ಖಂಡಿತ ಬೇಡ. ಮೇಸ್ತ್ರಿ ಎಂದರೆ ಆಳುಗಳನ್ನು ಕರೆತಂದು ಕೆಲಸ ಮಾಡಿಸುವವನು. ಜರ್ನಿಮನ್ ಎಂದರೆ ಕಲಿಕೆ ಮುಗಿಸಿ ಸ್ವತಂತ್ರವಾಗಿ ಕೆಲಸ ಮಾಡಬಲ್ಲವನು, ಅಷ್ಟೇ. ‘ಪೂರ್ಣ ಕುಶಲ ಕೆಲಸಗಾರ’ ಎನ್ನಿ. ಕನಿಷ್ಠ ವೇತನದ ಪಟ್ಟಿಯಿಂದ ‘ಕುಶಲ’, ‘ಅರೆಕುಶಲ’ ಎಲ್ಲರಿಗೂ ಗೊತ್ತು. ಈ ಪದ ಅಳತೆಗೋಲೂ ಹೌದು. ಸರ್ಕಾರೇತರ ಕಂಪನಿಯಲ್ಲಿ ಕೆಲಸ-ತರಬೇತಿಯ ಆರಂಭದ ಸಂಬಳ ಪೂರ್ಣ ಕುಶಲರ ಸಂಬಳದ ಅರ್ಧಕ್ಕಿಂತ ಕಡಿಮೆ ಇರಕೂಡದು. ಕೊನೆಯ ಪೂರ್ತಿ ತಿಂಗಳ ಹೊತ್ತಿಗೆ ಅದು ಶೇ 85 ಮುಟ್ಟಬೇಕು. ಪೂರ್ಣ ಕುಶಲರಿಗೆ ಗಂಟೆಗೆ 30 ಡಾಲರ್ ಇದ್ದರೆ 15ರಿಂದ ಶುರು, ಕೊನೆಗೆ 25.50. ಆ ಕೆಲಸ ಮೊದಲೇ ಚೆನ್ನಾಗಿ ಬಲ್ಲವರಿಗೆ ಈ ಸವಲತ್ತು ಸಿಗುವುದಿಲ್ಲ.

‘ಶಿಶಿಕ್ಷು’ ತಪ್ಪೇನಲ್ಲ, ಆದರೆ ಗ್ಯಾರೇಜಿನಲ್ಲೂ ವರ್ಕ್‌ಶಾಪಿನಲ್ಲೂ ಜನರ ಬಾಯಲ್ಲಿರುವುದು ‘ಅಪ್ರೆಂಟಿಸ್’. ಅದನ್ನೇ ಇಟ್ಟುಕೊಳ್ಳಿ. ‘ಉದ್ಯೋಗದ ಮೇಲಿನ ತರಬೇತಿ’ ಎಂಬುದು ಯಾರೂ ಆಡದ ಮಾತು, ‘ಸೇವಾನಿರತ ತರಬೇತಿ’ ಎಂದರೆ ಮೇಷ್ಟ್ರುಗಳ ತರಬೇತಿ ನೆನಪಾಗುತ್ತದೆ. ‘ಕೆಲಸ ಮಾಡುತ್ತಲೇ ತರಬೇತಿ’ ಎಂದು ಒಮ್ಮೆ ಬಿಡಿಸಿ ಬರೆದು, ಮುಂದೆ ‘ಕೆಲಸ-ತರಬೇತಿ’ ಎಂದರೆ ಸಾಕು. ಇದು ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದ್ದು. ಅಪ್ರೆಂಟಿಸ್‌ಗಿರಿ ಇನ್ನೂ ಉದ್ದ, ಜೊತೆಗೆ ತರಗತಿಯ ಪಾಠವೂ ಇರುತ್ತದೆ. ವರ್ಷಕ್ಕೆ 144 ಗಂಟೆ ಎಂಬುದು ಶಿಫಾರಸು.

ಉತ್ತರ 2:

ಮೇಲಿನದಕ್ಕೆ ಎರಡು ಸೇರ್ಪಡೆ.

‘ಸರ್ಟಿಫೈಯಿಂಗ್ ಅಫಿಶಿಯಲ್’ ಎಂಬುದನ್ನು ‘ದೃಢೀಕರಣಾಧಿಕಾರಿ’ ಎಂದು ಬರೆದರೆ ಓದುಗರು ಸರ್ಕಾರಿ ಕಚೇರಿ ಹುಡುಕಿಕೊಂಡು ಹೋಗುತ್ತಾರೆ. ಅವರು ಕಂಪನಿಯವರೇ ನೇಮಿಸಿದ ನೌಕರ. ತಿಂಗಳ ಗಂಟೆಗಳನ್ನು 22-6553ಡಿ-1 ನಮೂನೆಯಲ್ಲಿ ದೃಢಪಡಿಸಿ ವಿಎಗೆ ಕಳಿಸುವವರು ಅವರು. ಅದು ಹೋಗದಿದ್ದರೆ ಆ ತಿಂಗಳ ಹಣ ನಿಂತಂತೆಯೇ. ‘ಗಂಟೆ ದೃಢಪಡಿಸುವ ಕಂಪನಿ ಸಿಬ್ಬಂದಿ’ ಎಂದರೆ ಉದ್ದವಾಯಿತು, ಆದರೆ ಸ್ಪಷ್ಟ. ನಿಜವಾದ ಸರ್ಕಾರಿ ಮುದ್ರೆ ಬೇಕಾದ್ದು ಅದಕ್ಕೂ ಮೊದಲು: ತರಬೇತಿ ಕಾರ್ಯಕ್ರಮಕ್ಕೆ ಆಯಾ ರಾಜ್ಯದ ಅನುಮೋದನಾ ಸಂಸ್ಥೆ ಒಪ್ಪಿಗೆ ಕೊಟ್ಟಿರಬೇಕು. ಒಪ್ಪಿಗೆಯಿಲ್ಲದ ಕಂಪನಿಗೆ ಸೇರಿದವರು 22-1990 ಅರ್ಜಿ ಹಾಕಿದರೂ ಭತ್ಯೆ ಬರುವುದಿಲ್ಲ. ನಮೂನೆಗಳ ಹೆಸರು ಕನ್ನಡವಾಗಲಿ, ನಂಬರ್ ಮಾತ್ರ ಹಾಗೇ ಇರಲಿ.

ಇನ್ನೊಂದು, ಶೀರ್ಷಿಕೆಯಲ್ಲಿ ಬರೀ ‘ಸೈನಿಕರಿಗೆ’ ಎನ್ನಬೇಡಿ. ಪೂರ್ಣಕಾಲಿಕ ಸೇನಾ ಸೇವೆಯಲ್ಲಿರುವಾಗ ಈ ತರಬೇತಿ ಸವಲತ್ತು ಇಲ್ಲ. ಸೇವೆಯಿಂದಾಗಿ ಮಡಿದವರ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಹೊಂದಿದವರ ಗಂಡ, ಹೆಂಡತಿ, ಮಕ್ಕಳಿಗೆ ಮಾಜಿ ಸೈನಿಕರ ಸವಲತ್ತಿನ ಕಾನೂನಿನ ಅಧ್ಯಾಯ 35ರ ಕೆಳಗೆ ಇದೆ. ‘ಮಾಜಿ ಸೈನಿಕರು ಮತ್ತು ಅರ್ಹ ಕುಟುಂಬದವರು’ ಎಂದಿರಲಿ.