ಪೋಸ್ಟ್‌ಗ್ರೆಸ್: ಬೈನರಿ ಕಾಪಿ ಫೈಲು ಟೆಕ್ಸ್ಟ್‌ಗಿಂತ ದಪ್ಪ ಬರ್ತಿದೆ

ಕಬ್ಬಿನಗದ್ದೆ, ಮಂಡ್ಯ:
ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿರೋ ಕಬ್ಬಿನ ತೂಕದ ಚೀಟಿ ಟೇಬಲ್ಲು ದಿನಾ ರಾತ್ರಿ ಇಲ್ಲಿಂದ ಮೈಸೂರಿನ ಸರ್ವರ್‌ಗೆ ಹೋಗಬೇಕು. ಟೇಬಲ್ಲನ್ನ ಫೈಲಿಗೆ ಇಳಿಸೋ ಕಾಪಿ ಕಮಾಂಡ್‌ಗೆ ಬೈನರಿ ಫಾರ್ಮ್ಯಾಟ್ ಹಾಕಿದ್ರೆ ಫೈಲು ಹತ್ತತ್ರ ಒಂದೂವರೆಪಟ್ಟು ಆಗ್ತಿದೆ. ಕಾಲಮ್‌ಗಳು: ಟೋಕನ್ (ಇಂಟಿಜರ್), ಲೋಡ್, ಖಾಲಿ ಗಾಡಿ, ನಿವ್ವಳ (ಮೂರೂ ಟನ್‌ನಲ್ಲಿ, ನ್ಯೂಮೆರಿಕ್ 8,3, ಅಂದ್ರೆ ಒಟ್ಟು 8 ಅಂಕಿ, ಅದರಲ್ಲಿ 3 ದಶಮಾಂಶ), ಸ್ಥಿತಿ (ಸ್ಮಾಲ್‌ಇಂಟ್, ಅಂದ್ರೆ ಚಿಕ್ಕ ಇಂಟಿಜರ್), ವೇಳೆ (ಟೈಮ್‌ಝೋನ್ ಇರೋ ಟೈಮ್‌ಸ್ಟ್ಯಾಂಪ್).

ಒಂಟಿಕೊಪ್ಪಲು, ಮೈಸೂರು:
ದಪ್ಪ ಮಾಡ್ತಿರೋದು ನ್ಯೂಮೆರಿಕ್ಕು. ಬೈನರಿಯಲ್ಲಿ ಪ್ರತಿ ಫೀಲ್ಡ್ ಮುಂದೆ ಉದ್ದ ಹೇಳೋಕೆ 4 ಬೈಟ್. ನ್ಯೂಮೆರಿಕ್‌ಗೆ ಅದರ ಮೇಲೆ 8 ಬೈಟ್ ತಲೆಪಟ್ಟಿ (ಹೆಡರ್), ಆಮೇಲೆ ನಾಲ್ಕು ನಾಲ್ಕು ದಶಮಾಂಶ ಅಂಕಿಗೆ 2 ಬೈಟ್. 18.450 ಅನ್ನೋದು 18, 4500 ಅಂತ ಎರಡು ತುಂಡಾಗಿ ಒಟ್ಟು 16 ಬೈಟ್ ತಿನ್ನುತ್ತೆ. ಟೆಕ್ಸ್ಟ್‌ನಲ್ಲಿ ಟ್ಯಾಬ್ ಸೇರಿ 7. ವೇಳೆಯಲ್ಲಿ ಮಾತ್ರ ಬೈನರಿಗೆ ಲಾಭ: 26ರ ಜಾಗದಲ್ಲಿ 12. ನಾಲ್ಕಂಕಿ ಟೋಕನ್ ಹಿಡಿದು ಲೆಕ್ಕ ಹಾಕಿದ್ರೆ ಒಂದು ಸಾಲು ಟೆಕ್ಸ್ಟ್‌ನಲ್ಲಿ ಸುಮಾರು 53 ಬೈಟ್, ಬೈನರಿಯಲ್ಲಿ 76.

ತೂಕವನ್ನ ಕೆಜಿ ಲೆಕ್ಕದ ಇಂಟಿಜರ್ ಮಾಡಿ, ಬೈನರಿ ಸಾಲು 52ಕ್ಕೆ ಇಳಿಯುತ್ತೆ. ಟೆಕ್ಸ್ಟೂ ಆಗ 50ರ ಆಸುಪಾಸೇ, ಆದ್ರೆ ಬೈನರಿಯಾದ್ರೆ ಮೈಸೂರಿನ ಕಡೆ ಅಂಕಿ ಬಿಡಿಸಿ ಓದೋ ಸಿಪಿಯು ಕೆಲಸ ತಪ್ಪುತ್ತೆ.

ಕುವೆಂಪುನಗರ:
ಅದಕ್ಕೂ ಮೊದಲು ಟೈಮ್ ಎಲ್ಲಿ ಹೋಗ್ತಿದೆ ನೋಡಿ. ಪಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡೋ ಟೂಲು) ಟೈಮಿಂಗ್ ಆನ್ ಮಾಡಿ, ಎರಡೂ ಫಾರ್ಮ್ಯಾಟನ್ನ ಡೆವ್-ನಲ್‌ಗೆ (ಬರೆದದ್ದನ್ನೆಲ್ಲ ಎಸೆದುಬಿಡೋ ಖಾಲಿ ಫೈಲು) ಮೂರು ಮೂರು ಸಲ ಕಾಪಿ ಮಾಡಿ. ಮೊದಲ ಸಲದ್ದು ಡಿಸ್ಕ್ ಓದೋ ಸಮಯ, ಬಿಡಿ. ಕಳಿಸೋ ಕಡೆ ಮುಖ್ಯವಾಗಿ ಪರಿವರ್ತನೆಯ ಖರ್ಚು ಅಷ್ಟೇ. ತುಂಬೋ ಕಡೆ, ಇಂಡೆಕ್ಸ್ ಇಲ್ಲದ ಅನ್‌ಲಾಗ್ಡ್ ಟೇಬಲ್‌ಗೆ (ವಾಲ್, ಅಂದ್ರೆ ಬದಲಾವಣೆಯ ದಾಖಲೆ, ಬರೆಯದ ಟೇಬಲ್ಲು) ತುಂಬಿ. ಅಲ್ಲಿ ಸರಸರ ಹೋಗಿ ಅಸಲಿ ಟೇಬಲ್‌ನಲ್ಲಿ ತೆವಳಿದ್ರೆ ತಪ್ಪು ಇಂಡೆಕ್ಸ್‌ದೋ ವಾಲ್‌ದೋ, ಫಾರ್ಮ್ಯಾಟ್‌ದಲ್ಲ.

ಗಾಡಿ ಫೋಟೋ ಬೈಟ್‌ಎ (ಕಚ್ಚಾ ಬೈಟ್ ಇಡೋ ಟೈಪ್) ಕಾಲಮ್‌ನಲ್ಲಿದ್ರೆ ಮಾತ್ರ ಯೋಚನೆನೇ ಬೇಡ, ಬೈನರಿ. ಟೆಕ್ಸ್ಟ್‌ನಲ್ಲಿ ಹೆಕ್ಸ್ (ಬೈಟ್‌ಗೆ ಎರಡು ಅಕ್ಷರ) ಆಗಿ 40 ಕೆಬಿ ಫೋಟೋ 80 ಕೆಬಿ ಆಗುತ್ತೆ. ಜೇಸನ್‌ಬಿ (ಜೇಸನ್ ಡೇಟಾ ಇಡೋ ಟೈಪ್) ಕಾಲಮ್‌ಗೆ ಹೆಸರಿಗಷ್ಟೇ ಬೈನರಿ: ಒಂದು ಬೈಟ್ ವರ್ಷನ್ ನಂಬರ್ ಹಾಕಿ ಹಿಂದೆ ಅದೇ ಟೆಕ್ಸ್ಟ್ ಕಳಿಸುತ್ತೆ.

ಕಬ್ಬಿನಗದ್ದೆ:
ಮೈಸೂರಿನ ಟೇಬಲ್ಲನ್ನ ಇಂಟಿಜರ್ ಮಾಡಿ, ಇಲ್ಲಿ ಸೆಲೆಕ್ಟ್‌ನಲ್ಲಿ ತೂಕವನ್ನ 1000ದಿಂದ ಗುಣಿಸಿದೆ. ‘ಇನ್‌ಕರೆಕ್ಟ್ ಬೈನರಿ ಡೇಟಾ ಫಾರ್ಮ್ಯಾಟ್’ ಅಂತಿದೆ.

ಒಂಟಿಕೊಪ್ಪಲು:
ಗುಣಿಸಿದ್ರೂ ಅದು ನ್ಯೂಮೆರಿಕ್ಕೇ. ಬೈನರಿಯಲ್ಲಿ ಟೈಪ್ ತಾನಾಗಿ ಬದಲಾಗಲ್ಲ. 4 ಬೈಟ್ ಓದಿದ ಮೇಲೂ ಬೈಟ್ ಮಿಕ್ಕಿದ್ರೆ ಈ ಎರರ್. ಗುಣಿಸಿದ್ದನ್ನ ಬ್ರಾಕೆಟ್‌ಗೆ ಹಾಕಿ ಇಂಟಿಜರ್‌ಗೆ ಕಾಸ್ಟ್ ಮಾಡಿ (ಟೈಪ್ ಬದಲಿಸಿ). ಬಿಗ್‌ಇಂಟ್ ಬೇಡ, 8 ಬೈಟ್ ಆಗಿ ಮತ್ತದೇ ಎರರ್ ಬರುತ್ತೆ.